ಎಂಟರ್ ಒತ್ತಿದರೆ ವಿಂಡೋ ಮಾಯ

ಎಂಎಫ್‌ಸಿ (ಸಿ++ನಲ್ಲಿ ವಿಂಡೋಸ್ ಪ್ರೋಗ್ರಾಮ್ ಬರೆಯಲು ಮೈಕ್ರೋಸಾಫ್ಟ್ ಕೊಟ್ಟ ಲೈಬ್ರರಿ) ಕಲಿಯಲು ಕೂತವರು ಮೊದಲು ಹುಡುಕುವುದು ಪ್ರೋಗ್ರಾಮ್ ಶುರುವಾಗುವ ಜಾಗವಾದ ಮೇನ್ ಫಂಕ್ಷನ್ನನ್ನು. ಹೊಸ ಪ್ರಾಜೆಕ್ಟನ್ನು ತಾನೇ ಬರೆದುಕೊಡುವ ವಿಝಾರ್ಡಿನ ಫೈಲುಗಳನ್ನೆಲ್ಲ ಜಾಲಾಡಿದರೂ ಅದು ಸಿಗುವುದಿಲ್ಲ. 1992ರಲ್ಲಿ ಮೈಕ್ರೋಸಾಫ್ಟ್ ಸಿ/ಸಿ++ 7.0 ಜತೆ ಬಂದ ಈ ಲೈಬ್ರರಿ ವಿನ್‌ಮೇನನ್ನು (ವಿಂಡೋಸ್‌ನಲ್ಲಿ ಮೇನ್‌ಗೆ ಇರುವ ಹೆಸರು) ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡಿದೆ. ಕಣ್ಣಿಗೆ ಬೀಳುವುದು ‘ದಿಆಪ್’ ಎಂಬ ಒಂದು ಗ್ಲೋಬಲ್ ಆಬ್ಜೆಕ್ಟ್ ಮಾತ್ರ. ಯಾರೂ ಬಳಸುತ್ತಿಲ್ಲವಲ್ಲ ಎಂದು ಅದನ್ನು ಅಳಿಸಿಬಿಡುವ ಅಚ್ಚುಕಟ್ಟಿನ ಜನರಿದ್ದಾರೆ. ಡೈಲಾಗ್ ಮಾದರಿಯ ಪ್ರಾಜೆಕ್ಟಾದರೆ ಕಂಪೈಲೂ ಆಗುತ್ತದೆ, ಲಿಂಕೂ ಆಗುತ್ತದೆ. ವಿಂಡೋ ಮಾತ್ರ ಬರುವುದಿಲ್ಲ. ವಿನ್‌ಮೇನ್ ಶುರುವಾಗುವ ಮೊದಲೇ ಆ ಆಬ್ಜೆಕ್ಟನ್ನು ಹುಟ್ಟಿಸುವ ಕೋಡ್, ಅಂದರೆ ಕನ್‌ಸ್ಟ್ರಕ್ಟರ್, ಓಡಿ, ಲೈಬ್ರರಿಯ ಬಳಿ ಹೆಸರು ಬರೆಸಿರುತ್ತದೆ. ಆಮೇಲೆ ನಿಮ್ಮ ಆರಂಭದ ಕೆಲಸಗಳಿರುವ ಇನಿಟ್‌ಇನ್‌ಸ್ಟೆನ್ಸನ್ನು ಕರೆಯುವುದು ಲೈಬ್ರರಿಯೇ. ಇಲ್ಲಿ ಎಲ್ಲವೂ ಹೀಗೇ: ಕೋಡ್ ನಿಮ್ಮದು, ಕರೆಯುವವರು ಬೇರೆಯವರು.

ಇದರ ಅಸಲಿ ತಮಾಷೆ ಎಂಟರ್ ಕೀಯಲ್ಲಿದೆ. ಎಡಿಟ್ ಬಾಕ್ಸಿನಲ್ಲಿ ಹೆಸರು ಟೈಪ್ ಮಾಡಿ ಎಂಟರ್ ಒತ್ತಿದರೆ ಇಡೀ ಡೈಲಾಗ್ ಮುಚ್ಚಿಹೋಗುತ್ತದೆ, ಏಕೆಂದರೆ ಓಕೆ ಅಲ್ಲಿನ ಡಿಫಾಲ್ಟ್ ಬಟನ್. ಹಾಗಾದರೆ ಓಕೆ ಬಟನ್ನೇ ಬೇಡ ಎಂದು ಅಳಿಸುತ್ತಾರೆ. ಆದರೂ ಮುಚ್ಚುತ್ತದೆ! ಡಿಫಾಲ್ಟ್ ಬಟನ್ ಇಲ್ಲದಿದ್ದರೂ ವಿಂಡೋಸ್ ಐಡಿಓಕೆಯನ್ನು, ಅಂದರೆ ‘ಓಕೆ ಒತ್ತಿದರು’ ಎಂಬ ಸಂದೇಶವನ್ನು, ಕಳಿಸಿಯೇ ತೀರುತ್ತದೆ. ಸರಿ, ಆ ಸಂದೇಶಕ್ಕೆ ಉತ್ತರಿಸುವ ಆನ್‌ಓಕೆಯನ್ನು ಓವರ್‌ರೈಡ್ ಮಾಡಿ (ಲೈಬ್ರರಿಯದರ ಬದಲು ತಮ್ಮದನ್ನು ಇಟ್ಟು) ಖಾಲಿ ಬಿಡುತ್ತಾರೆ. ಎಂಟರ್ ತೆಪ್ಪಗಾಯಿತು, ಈಗ ಡೈಲಾಗನ್ನು ಮುಚ್ಚುವ ಇನ್ನೊಂದು ಕೀ ಎಸ್ಕೇಪ್ ಸರದಿ. ಅದೇ ಉತ್ಸಾಹದಲ್ಲಿ ಆನ್‌ಕ್ಯಾನ್ಸಲನ್ನೂ ಖಾಲಿ ಮಾಡಿದರೆ ಮೂಲೆಯ ಕೆಂಪು ಇಂಟು ಗುರುತೂ ಸತ್ತಂತೆ: ಅದನ್ನು ಒತ್ತಿದಾಗಲೂ ಕೊನೆಗೆ ಬರುವುದು ಐಡಿಕ್ಯಾನ್ಸಲ್ಲೇ. ತಾವೇ ಬರೆದ ಪ್ರೋಗ್ರಾಮಿನಿಂದ ಹೊರಬರಲು ಟಾಸ್ಕ್ ಮ್ಯಾನೇಜರ್ ತೆರೆಯಬೇಕು. ಆನ್‌ಕ್ಯಾನ್ಸಲ್ ಖಾಲಿ ಇರಲಿ; ಇಂಟು ಒತ್ತಿದಾಗ ಐಡಿಕ್ಯಾನ್ಸಲ್‌ಗೂ ಮೊದಲು ಬರುವ ಡಬ್ಲ್ಯೂಎಂ-ಕ್ಲೋಸ್ ಸಂದೇಶಕ್ಕೆ ಬೇರೆ ಹ್ಯಾಂಡ್ಲರ್ ಹಾಕಿ, ಅಲ್ಲಿ ಡೈಲಾಗನ್ನು ಮುಚ್ಚುವ ಎಂಡ್‌ಡೈಲಾಗನ್ನು ಕರೆದರೆ ಬಿಡುಗಡೆ.

ಬೇಸ್ ಕ್ಲಾಸ್ (ನಿಮ್ಮ ಕ್ಲಾಸ್ ಹುಟ್ಟಿಬಂದ ಲೈಬ್ರರಿಯ ಮೂಲ ಕ್ಲಾಸ್) ಎಂದರೆ ಅತ್ತೆಯಿದ್ದಂತೆ, ಕೇಳದೆ ಏನೂ ಮಾಡಬಾರದು. ಡೈಲಾಗ್ ತೆರೆಯುವಾಗ ಓಡುವ ಆನ್‌ಇನಿಟ್‌ಡೈಲಾಗನ್ನು ಓವರ್‌ರೈಡ್ ಮಾಡಿದವರು ಮೊದಲ ಸಾಲಿನಲ್ಲೇ ಬೇಸ್ ಕ್ಲಾಸಾದ ಸಿಡೈಲಾಗ್‌ನ ಆನ್‌ಇನಿಟ್‌ಡೈಲಾಗನ್ನು ಕರೆಯಬೇಕು. ಲಿಸ್ಟ್, ಕಾಂಬೊಗಳಿಗೆ ನೀವು ಇಟ್ಟ ವೇರಿಯಬಲ್‌ಗಳನ್ನು ಪರದೆಯ ಮೇಲಿನ ಕಂಟ್ರೋಲ್‌ಗೆ ಗಂಟು ಹಾಕುವುದು ಅದೇ. ಅದಕ್ಕೆ ಮೊದಲೇ ಲಿಸ್ಟಿಗೆ ಒಂದು ಸಾಲು ಸೇರಿಸಲು ಹೋದರೆ ‘ಇದು ನಿಜವಿರಲೇಬೇಕು’ ಎಂದು ಪರೀಕ್ಷಿಸುವ ಅಸರ್ಟಿನ ಪೆಟ್ಟಿಗೆ ಎದ್ದು ನಿಲ್ಲುತ್ತದೆ: ಅಬಾರ್ಟ್, ರಿಟ್ರೈ, ಇಗ್ನೋರ್. ನೂರಕ್ಕೆ ತೊಂಬತ್ತು ಮಂದಿ ಇಗ್ನೋರ್ ಒತ್ತುತ್ತಾರೆ. ಒತ್ತಬೇಕಾದ್ದು ರಿಟ್ರೈ, ತಪ್ಪು ಸಿಕ್ಕಿಬಿದ್ದ ಸಾಲಿಗೆ ಡಿಬಗರ್ ಕರೆದೊಯ್ಯುವುದು ಅದೊಂದೇ.

ಮಾಹಿತಿಯನ್ನು ಸಾಗಿಸುವ ಅಪ್‌ಡೇಟ್‌ಡೇಟಾಗೆ ಟ್ರೂ ಕೊಟ್ಟರೆ ಪರದೆಯಿಂದ ವೇರಿಯಬಲ್‌ಗೆ, ಫಾಲ್ಸ್ ಕೊಟ್ಟರೆ ವೇರಿಯಬಲ್‌ನಿಂದ ಪರದೆಗೆ. ಅದಲುಬದಲಾದರೆ ಬಳಕೆದಾರ ಟೈಪ್ ಮಾಡಿದ್ದೆಲ್ಲ ಸೇವ್ ಒತ್ತಿದ ಕ್ಷಣವೇ ಅಳಿಸಿಹೋಗುತ್ತದೆ.

ಇನ್ನು ಅಸರ್ಟ್ ಒಳಗೇ ಫೈಲ್ ತೆರೆಯುವ ಜಾಣರು. ತಪ್ಪು ಹುಡುಕಲು ಕಟ್ಟುವ ಡಿಬಗ್ ಬಿಲ್ಡಿನಲ್ಲಿ ಸೊಗಸಾಗಿ ಓಡುತ್ತದೆ. ಬಳಕೆದಾರರ ಕೈಗೆ ಕೊಡುವ ರಿಲೀಸ್ ಬಿಲ್ಡಿನಲ್ಲಿ ಅಸರ್ಟ್ ಇಡಿಯಾಗಿ ಮಾಯವಾಗುವುದರಿಂದ, ಅದರೊಳಗಿನ ಫೈಲ್ ತೆರೆಯುವ ಕೆಲಸವೂ ಮಾಯ. ಅಲ್ಲಿ ಬೇಕಾದ್ದು ವೆರಿಫೈ, ಅದರೊಳಗಿನ ಕೆಲಸ ರಿಲೀಸಿನಲ್ಲೂ ಉಳಿಯುತ್ತದೆ.

ಕನ್ನಡ ಬಳಸುವವರಿಗೆ ಇನ್ನೊಂದು ಬೋನಸ್ ಇದೆ. ಪ್ರಾಜೆಕ್ಟ್ ಸೆಟ್ಟಿಂಗಿನಲ್ಲಿ ಮಲ್ಟಿಬೈಟ್ (ಅಕ್ಷರಗಳನ್ನಿಡುವ ಹಳೆಯ ಪದ್ಧತಿ) ಇದ್ದರೆ ಎಡಿಟ್ ಬಾಕ್ಸಿನ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಆ ಪದ್ಧತಿ ಬಳಸುವ ವಿಂಡೋಸ್‌ನ ಹಳೆಯ ಆನ್ಸಿ ಕೋಡ್‌ಪೇಜುಗಳಲ್ಲಿ, ಅಂದರೆ ಅಕ್ಷರಪಟ್ಟಿಗಳಲ್ಲಿ, ಕನ್ನಡಕ್ಕೆ ಜಾಗವಿಲ್ಲ. ಯೂನಿಕೋಡ್‌ಗೆ ಬದಲಿಸಿದರೆ ಉದ್ಧರಣ ಚಿಹ್ನೆಯೊಳಗಿನ ಸ್ಟ್ರಿಂಗುಗಳು ಎರರ್ ಕೊಡತೊಡಗುತ್ತವೆ. ಒಂದೊಂದಕ್ಕೂ ಅದನ್ನು ಯೂನಿಕೋಡ್ ಆಗಿಸುವ ಟಿ ಮ್ಯಾಕ್ರೊ ಸುತ್ತಬೇಕು. ಅದೂ ಮುಗಿದ ಮೇಲೆ, ಹತ್ತಕ್ಷರ ಧಾರಾಳ ಸಾಕು ಎಂದು ಹೆಸರಿನ ಬಾಕ್ಸಿಗೆ ಲಿಮಿಟ್‌ಟೆಕ್ಸ್ಟ್ 10 ಹಾಕಿರುತ್ತಾರೆ. ಲಕ್ಷ್ಮೀನಾರಾಯಣ ಎಂಬುದರಲ್ಲಿ ಕಣ್ಣಿಗೆ ಕಾಣುವುದು ಆರೇ ಅಕ್ಷರ. ಒತ್ತು, ಹಲಂತ, ದೀರ್ಘಗಳನ್ನೆಲ್ಲ ಬೇರೆಬೇರೆ ಎಣಿಸುವ ಗೆಟ್‌ಲೆಂತ್ ಪ್ರಕಾರ ಅದು 13. ಟೈಪ್ ಮಾಡುತ್ತಾ ಹೋದ ಯಜಮಾನರು ‘ಲಕ್ಷ್ಮೀನಾರ’ಕ್ಕೆ ನಿಂತು, ಕೀಬೋರ್ಡ್ ಕೆಟ್ಟಿದೆ ಎಂದು ತಿರುಗಿಸಿ ಕುಟ್ಟುತ್ತಿರುತ್ತಾರೆ.