ನೂರು ವರ್ಷ ಬದುಕೋಕೆ ಪುರುಸೊತ್ತಿಲ್ಲ

ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಒಬ್ಬ ಮನುಷ್ಯ ಸೋಫಾದ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದರೆ ಗಾಬರಿಯಾಗಬೇಡಿ. ಅವನಿಗೆ ಏನೂ ಆಗಿಲ್ಲ. ಕೈಗಡಿಯಾರ 9,412 ಅಂತ ತೋರಿಸುತ್ತಿದೆ, ಹನ್ನೆರಡು ಹೊಡೆಯುವುದರೊಳಗೆ 10,000 ಆಗಬೇಕು, ಅಷ್ಟೇ. ಸೋಫಾಕ್ಕೆ ಒಂದು ಸುತ್ತು ಅಂದರೆ 14 ಹೆಜ್ಜೆ. ಇನ್ನೂ 42 ಸುತ್ತು ಬಾಕಿ. ಬೇಗ ಮಲಗು ಅಂತ ಅದೇ ಗಡಿಯಾರ ಹತ್ತು ಗಂಟೆಗೇ ಹೇಳಿತ್ತು. ನಡಿ ಅಂತಲೂ ಈಗ ಅದೇ ಹೇಳುತ್ತಿದೆ. ಒಂದು ಮಾತು ಕೇಳಿದರೆ ಇನ್ನೊಂದರ ಅಂಕ ಹೋಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ನಿದ್ದೆಗೆ ನೂರಕ್ಕೆ 58. ಹೆಜ್ಜೆಗೆ ಮಾತ್ರ ಫುಲ್ ಮಾರ್ಕ್ಸ್.

ಈ ಹತ್ತು ಸಾವಿರ ಎಲ್ಲಿಂದ ಬಂತು ಅಂತ ಅವನು ಯಾವತ್ತೂ ಕೇಳಿಲ್ಲ. ಬಿಳಿ ಕೋಟಿನವರು ವರ್ಷಗಟ್ಟಲೆ ಕೂತು ಕಂಡುಹಿಡಿದಿರಬೇಕು ಅಂದುಕೊಂಡಿದ್ದಾನೆ. ಅದು ಬಂದದ್ದು ಮಾರಾಟದ ಸರಕಿನಿಂದ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದು ಜಪಾನಿನ ಜನರಿಗೆ ವ್ಯಾಯಾಮದ ಹುರುಪು ಹತ್ತಿತ್ತು. 1965ರಲ್ಲಿ ಅಲ್ಲಿನ ಕಂಪನಿಯೊಂದು ಹೆಜ್ಜೆ ಎಣಿಸುವ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಹತ್ತು ಸಾವಿರ ಅನ್ನೋದು ನೋಡೋಕೆ ಚೆನ್ನಾಗಿತ್ತು, ನೆನಪಿಡೋಕೆ ಸುಲಭವಾಗಿತ್ತು. ಯಂತ್ರದ ಹೆಸರಿಗೇ ಸೇರಿಸಿಬಿಟ್ಟರು. ಅವತ್ತು ಅವರು 9,600 ಅಂತ ಇಟ್ಟಿದ್ದರೆ ನಮ್ಮ ಮನುಷ್ಯ ಇವತ್ತು ಹದಿನಾಲ್ಕೇ ಸುತ್ತಿಗೆ ಮಲಗುತ್ತಿದ್ದ.

ಹಾಗಂತ ಹೆಜ್ಜೆ ಸುಳ್ಳಲ್ಲ. 2019ರಲ್ಲಿ ಬಂದ ಒಂದು ಅಧ್ಯಯನ ಅಮೆರಿಕದಲ್ಲಿ ಸರಾಸರಿ 72 ವಯಸ್ಸಿನ ಹದಿನಾರು ಸಾವಿರಕ್ಕೂ ಹೆಚ್ಚು ಹೆಂಗಸರ ನಡಿಗೆಯನ್ನು ಅಳೆದು ನೋಡಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗೆ ಹೋಲಿಸಿದರೆ 4,400 ನಡೆಯುವವರಲ್ಲಿ ಸಾವು ನೂರಕ್ಕೆ 41ರಷ್ಟು ಕಡಿಮೆ. ಅಲ್ಲಿಂದ ಮುಂದೆ ಲಾಭ ನಿಧಾನವಾಗಿ ಏರಿ 7,500ರ ಹತ್ತಿರ ನಿಂತುಹೋಯಿತು. ಪ್ರಾಯದವರಿಗೆ ಇನ್ನು ಸ್ವಲ್ಪ ಜಾಸ್ತಿ ಬೇಕಾಗುತ್ತದೆ ಅಂತಲೇ ಇಟ್ಟುಕೊಳ್ಳೋಣ. ಆದರೂ 7,500ಕ್ಕೆ ಯಮನೇ ಎಣಿಸೋದು ಬಿಟ್ಟು ಮನೆಗೆ ಹೋಗಿದ್ದಾನೆ. ಸೋಫಾ ಸುತ್ತುವವನು ಬಿಟ್ಟಿಲ್ಲ.

ಚೆನ್ನಾಗಿ ತಿನ್ನಿ, ವ್ಯಾಯಾಮ ಮಾಡಿ, ಖುಷಿಯಾಗಿರಿ, ಮೂರನ್ನೂ ಬ್ಯಾಲೆನ್ಸ್ ಮಾಡಿ, ಜಾಸ್ತಿ ದಿನ ಬದುಕುತ್ತೀರಿ. ಇದು ಈಗ ಎಲ್ಲರ ಬಾಯಲ್ಲೂ ಬರುವ ಮಾತು. ಮಾತು ಸರಿಯಾಗೇ ಇದೆ. ಎಡವಟ್ಟು ಎಲ್ಲಾಯಿತು ಅಂದರೆ, ಮೊದಲ ಮೂರು ಕೆಲಸಗಳ ಜೊತೆ ಬ್ಯಾಲೆನ್ಸ್ ಅನ್ನೋ ನಾಲ್ಕನೇ ಕೆಲಸವೂ ನಮ್ಮ ತಲೆಗೇ ಬಿತ್ತು. ಅದಕ್ಕೂ ಒಂದು ಆ್ಯಪ್ ಬಂತು. ಆ ಆ್ಯಪ್ ನೋಡಿ ಟೆನ್ಷನ್ ಆದವರಿಗೆ ಟೆನ್ಷನ್ ಇಳಿಸುವ ಇನ್ನೊಂದು ಆ್ಯಪ್ ಬಂತು.

ತಿನ್ನೋ ವಿಷಯವನ್ನೇ ನೋಡಿ. 1968ರಲ್ಲಿ ಅಮೆರಿಕದ ಹೃದಯ ಸಂಘದವರು ವಾರಕ್ಕೆ ಮೂರಕ್ಕಿಂತ ಹೆಚ್ಚು ಮೊಟ್ಟೆಯ ಹಳದಿ ಬೇಡ ಅಂದರು. ಲೋಕದ ಮುಕ್ಕಾಲು ಪಾಲು ಹಳದಿ ಸಿಂಕಿಗೆ ಹೋಯಿತು. 2015ರಲ್ಲಿ ಅದೇ ದೇಶದ ಆಹಾರ ಸಲಹೆಯವರು ದಿನಕ್ಕೆ ಇಂತಿಷ್ಟೇ ಕೊಲೆಸ್ಟರಾಲ್ ಅನ್ನೋ ಗೆರೆಯನ್ನೇ ಅಳಿಸಿದರು. ನಡುವೆ 47 ವರ್ಷ. ಅಷ್ಟೂ ವರ್ಷ ಮೊಟ್ಟೆ ಮೊಟ್ಟೆಯಾಗಿಯೇ ಇತ್ತು, ಅದರ ಗುಣನಡತೆಯ ಸರ್ಟಿಫಿಕೇಟ್ ಮಾತ್ರ ಬದಲಾಗುತ್ತಿತ್ತು. ಕೆಂಪು ವೈನ್ ಕತೆ ಇದರ ತಿರುವುಮುರುವು. ಒಂದು ಗ್ಲಾಸ್ ಹೃದಯಕ್ಕೆ ಒಳ್ಳೆಯದು ಅಂತ ಎಷ್ಟೋ ವರ್ಷ ಜನ ಔಷಧಿಯ ಮುಖ ಮಾಡಿಕೊಂಡು ಕುಡಿದರು. 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನೋ ಅಳತೆಯೇ ಇಲ್ಲ ಅಂದುಬಿಟ್ಟಿತು. ವಿಜ್ಞಾನ ತನ್ನ ತಪ್ಪು ತಿದ್ದಿಕೊಳ್ಳೋದು ಅದರ ದೊಡ್ಡತನ. ನಾವು ಪ್ರತಿ ತಿದ್ದುಪಡಿಗೂ ಅಡುಗೆಮನೆ ಖಾಲಿ ಮಾಡೋದು ನಮ್ಮ ದೊಡ್ಡತನ.

ಈಗ ಏನು ತಿನ್ನಬೇಕು ಅನ್ನೋದಕ್ಕಿಂತ ಯಾವಾಗ ತಿನ್ನಬೇಕು ಅನ್ನೋದೇ ದೊಡ್ಡ ವಿಷಯ. ಗಂಡ ಹೆಂಡತಿ ಇಬ್ಬರೂ ಉಪವಾಸದ ವೇಳಾಪಟ್ಟಿ ಹಿಡಿದ ಒಂದು ಮನೆಯನ್ನು ಊಹಿಸಿಕೊಳ್ಳಿ. ಅವನಿಗೆ ಊಟದ ಸಮಯ ಮಧ್ಯಾಹ್ನ 12ರಿಂದ ಸಂಜೆ 6. ಅವಳಿಗೆ ಬೆಳಿಗ್ಗೆ 7ರಿಂದ ಮಧ್ಯಾಹ್ನ 1. ಇಬ್ಬರ ಬಾಯಿಯೂ ತೆರೆದಿರೋದು ದಿನಕ್ಕೆ ಒಂದು ಗಂಟೆ, ಆಗ ಇಬ್ಬರೂ ಬೇರೆ ಬೇರೆ ಆಫೀಸಿನಲ್ಲಿರುತ್ತಾರೆ. ಸಂಜೆ ಏಳಕ್ಕೆ ಮನೆ ಸೇರಿದಾಗ ಇಬ್ಬರ ಅಂಗಡಿಯೂ ಬಾಗಿಲು ಹಾಕಿರುತ್ತದೆ. ಎದುರುಬದುರು ಕೂತು ಒಂದೊಂದು ಲೋಟ ಬಿಸಿನೀರು ಕುಡಿಯುತ್ತಾರೆ. ನೆಂಟರು ಯಾರಾದರೂ ಬಂದರೆ ತಿಂಡಿ ತಟ್ಟೆ ಮುಂದಿಟ್ಟು, ಅವರು ತಿನ್ನೋದನ್ನು ಇಬ್ಬರೂ ಮ್ಯಾಚ್ ನೋಡುವ ಹಾಗೆ ನೋಡುತ್ತಾರೆ.

ಇವರ ಮೊಬೈಲಿನಲ್ಲಿ ಹಾರ್ವರ್ಡ್ ಅಧ್ಯಯನದ ವಿಡಿಯೊ ಕೂಡ ಇದೆ. 1938ರಲ್ಲಿ ಶುರುವಾಗಿ ಇವತ್ತಿಗೂ ನಡೆಯುತ್ತಿರುವ ಅಧ್ಯಯನ ಅದು. ಹತ್ತಿರದವರ ಜೊತೆ ಚೆನ್ನಾಗಿರುವವರು ಮುದಿ ವಯಸ್ಸಿನಲ್ಲೂ ಆರೋಗ್ಯವಾಗಿರುತ್ತಾರೆ ಅನ್ನೋದು ಅದರ ಮುಖ್ಯ ಮಾತು. ಗಂಡ ಅದನ್ನು ಹೆಂಡತಿಗೆ ಕಳಿಸಿದ. ಹೆಂಡತಿ ಹೆಬ್ಬೆಟ್ಟು ಒತ್ತಿದಳು. ಆ ದಿನದ ಸಂಬಂಧದ ಕೋಟಾ ಮುಗಿಯಿತು.

ನಿದ್ದೆಯೂ ಪರೀಕ್ಷೆಗೆ ಕೂರಲು ಶುರುವಾಗಿ ಬಹಳ ದಿನವಾಯಿತು. ಮೊದಲು ಎದ್ದವನನ್ನು ಚೆನ್ನಾಗಿ ನಿದ್ದೆ ಬಂತಾ ಅಂತ ಕೇಳಿದರೆ ಮೈಮುರಿದು ಹೂಂ ಅನ್ನುತ್ತಿದ್ದ. ಈಗ "ತಾಳಿ, ನೋಡಿ ಹೇಳ್ತೀನಿ" ಅನ್ನುತ್ತಾನೆ. ಅಂಕ ಕಡಿಮೆ ಬಂದಿದ್ದರೆ ಅಲ್ಲಿಯವರೆಗೆ ಇಲ್ಲದಿದ್ದ ಸುಸ್ತು ತಕ್ಷಣ ಬರುತ್ತದೆ. 2017ರಲ್ಲಿ ಅಮೆರಿಕದ ಸಂಶೋಧಕರು ಇದಕ್ಕೆ ಆರ್ಥೋಸೋಮ್ನಿಯಾ ಅಂತ ಹೆಸರಿಟ್ಟರು. ಯಂತ್ರ ತೋರಿಸುವ ಅಂಕ ಸರಿಹೋಗಲಿ ಅಂತ ಒದ್ದಾಡಿ ಇದ್ದ ನಿದ್ದೆಯನ್ನೂ ಕಳೆದುಕೊಳ್ಳೋದು. ಇಂಥವರು ಡಾಕ್ಟರ ಮಾತಿಗಿಂತ ಕೈಗೆ ಕಟ್ಟಿದ ಪಟ್ಟಿಯನ್ನೇ ಜಾಸ್ತಿ ನಂಬುತ್ತಿದ್ದರಂತೆ.

ಇನ್ನು ಖುಷಿ. ಇದರಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ. ಖುಷಿಯಾಗಿದ್ದರೆ ಆಯಸ್ಸು ಜಾಸ್ತಿ ಅಂತ ಗೊತ್ತಾದ ದಿನದಿಂದ ಜನ ಹಲ್ಲು ಕಚ್ಚಿಕೊಂಡು ಖುಷಿಯಾಗಿದ್ದಾರೆ. ದಿನಕ್ಕೆ ಮೂರು ವಿಷಯಕ್ಕೆ ಥ್ಯಾಂಕ್ಸ್ ಬರೆಯುವ ಡೈರಿ ಇಟ್ಟವರನ್ನು ಗಮನಿಸಿ. ಮೊದಲ ವಾರ "ಸೂರ್ಯೋದಯ, ಅಮ್ಮ, ಉಸಿರು" ಅಂತ ಇರುತ್ತದೆ. ಮೂರನೇ ವಾರ "ಸೂರ್ಯೋದಯ ಮತ್ತೆ, ಹಲ್ಲುನೋವು ಇರಲಿಲ್ಲ, ಬರೆಯೋದು ಮುಗೀತು." ಐದನೇ ವಾರದಿಂದ ಪುಟ ಖಾಲಿ. ಆಮೇಲೆ ಶುರುವಾಗೋದು ಕೃತಜ್ಞತೆ ಬರೆಯಲಿಲ್ಲವಲ್ಲ ಅನ್ನೋ ಬೇಜಾರು. ಅದಕ್ಕೂ ಮೊದಲು ಆ ಬೇಜಾರು ಇರಲೇ ಇಲ್ಲ.

ಸಿಡುಕರಿಗೆ ಒಂದು ಶುಭ ಸುದ್ದಿ ಇದೆ, ಯಾರೂ ಹೇಳುತ್ತಿಲ್ಲ. ಬ್ರಿಟನ್ನಿನಲ್ಲಿ ಏಳು ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸುಮಾರು ಹತ್ತು ವರ್ಷ ಗಮನಿಸಿದ ಅಧ್ಯಯನವೊಂದು 2015ರ ಕೊನೆಗೆ ಬಂತು. ಆರೋಗ್ಯ ಕೆಟ್ಟವರು ಬೇಜಾರಾಗಿರುತ್ತಾರೆ ಅನ್ನೋದು ನಿಜ. ಆದರೆ ಆ ಆರೋಗ್ಯದ ಲೆಕ್ಕ ಕಳೆದು ನೋಡಿದರೆ, ಖುಷಿಯಾಗಿಲ್ಲದಿರೋದರಿಂದಲೇ ಯಾರೂ ಬೇಗ ಸಾಯಲಿಲ್ಲ. ಅಂದರೆ ಮುಖ ಗಂಟು ಹಾಕಿಕೊಂಡೂ ತೊಂಬತ್ತು ದಾಟಬಹುದು. ನಿಮ್ಮ ಗುರುತಿನಲ್ಲೂ ಅಂಥವರು ಒಬ್ಬರಾದರೂ ಇರಬೇಕಲ್ವಾ?

ದುಡ್ಡು ಇದ್ದವರ ದಾರಿ ಬೇರೆ. ಅಮೆರಿಕದ ಬ್ರಯನ್ ಜಾನ್ಸನ್ ಎಂಬ ಸಾಹುಕಾರರು 2013ರಲ್ಲಿ ತಮ್ಮ ಕಂಪನಿಯನ್ನು 80 ಕೋಟಿ ಡಾಲರ್‌ಗೆ ಮಾರಿದರು. ಈಗ ವಯಸ್ಸಾಗದೇ ಇರೋಕೆ ವರ್ಷಕ್ಕೆ ಸುಮಾರು 20 ಲಕ್ಷ ಡಾಲರ್ ಖರ್ಚು ಮಾಡುವುದಾಗಿ ಅವರೇ ಹೇಳಿಕೊಂಡಿದ್ದಾರೆ. ದಿನದ ಕೊನೆಯ ಊಟ ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಉಳಿದವರು ತಿಂಡಿ ತಿಂದ ತಟ್ಟೆ ತೊಳೆಯುವ ಹೊತ್ತಿಗೆ ಇವರ ರಾತ್ರಿ ಊಟ ಮುಗಿದಿರುತ್ತದೆ. 2023ರಲ್ಲಿ ಹದಿಹರೆಯದ ಮಗನ ರಕ್ತದ ಪ್ಲಾಸ್ಮಾ ಹಾಕಿಸಿಕೊಂಡರು. ಆಮೇಲೆ, ಪ್ರಯೋಜನವೇನೂ ಕಾಣಲಿಲ್ಲ ಅಂತ ತಾವೇ ಹೇಳಿ ನಿಲ್ಲಿಸಿದರು. ಅಪ್ಪಂದಿರು ಮಕ್ಕಳಿಗಾಗಿ ರಕ್ತ ಸುರಿಸುತ್ತಾರೆ ಅನ್ನೋ ಹಳೇ ಡೈಲಾಗ್ ಹೀಗೂ ತಿರುಗಬಹುದು ಅಂತ ಯಾರಿಗೆ ಗೊತ್ತಿತ್ತು!

ಅವರನ್ನು ಬಿಡಿ, ಅವರ ದುಡ್ಡು, ಅವರ ಮಗ. ನಮ್ಮಂಥವರ ಲೆಕ್ಕವೇ ಹೆಚ್ಚು ಮಜವಾಗಿದೆ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮೈಕೈ ಆಡಿಸಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರೂವರೆ ಲಕ್ಷ ಜನರ ಮಾಹಿತಿ ಒಟ್ಟುಮಾಡಿ 2012ರಲ್ಲಿ ಒಂದು ಲೆಕ್ಕ ಹಾಕಿದರು. 150 ನಿಮಿಷದ ಆಸುಪಾಸು ಚುರುಕಾಗಿ ನಡೆಯುವವರು ಏನೂ ಮಾಡದವರಿಗಿಂತ ಸರಾಸರಿ 3.4 ವರ್ಷ ಜಾಸ್ತಿ ಬದುಕುತ್ತಾರೆ. ಈಗ ಪೆನ್ಸಿಲ್ ತಗೊಳ್ಳಿ. ವಾರಕ್ಕೆ 150 ನಿಮಿಷ, 40 ವರ್ಷ, ಒಟ್ಟು 5,200 ಗಂಟೆ. ಹಗಲು ರಾತ್ರಿ ಸೇರಿಸಿ 217 ದಿನ. ಏಳು ತಿಂಗಳು ಕೊಟ್ಟು ಮೂರು ವರ್ಷ ನಾಲ್ಕು ತಿಂಗಳಿಗೂ ಜಾಸ್ತಿ ತಗೊಂಡಂತಾಯಿತು. ಇಷ್ಟು ಬಡ್ಡಿ ಯಾವ ಬ್ಯಾಂಕೂ ಕೊಡಲ್ಲ.

ಆದರೆ ಆರೋಗ್ಯದ ಮೇಲೆ ಪ್ರೀತಿ ಇರುವವನು ಸುಮ್ನೆ ನಡೆದು ಮನೆಗೆ ಬರೋನಲ್ಲ. ಹೇಗೆ ನಡೆಯಬೇಕು, ನಡೆದ ಮೇಲೆ ಏನು ಕುಡಿಯಬೇಕು, ನಿನ್ನೆ ಕುಡಿದದ್ದು ಯಾಕೆ ವಿಷ, ಇದನ್ನೆಲ್ಲ ದಿನಕ್ಕೆ ಎರಡು ಗಂಟೆ ವಿಡಿಯೊದಲ್ಲಿ ನೋಡುತ್ತಾನೆ. ದಿನಕ್ಕೆ ಎರಡು ಗಂಟೆಯಂತೆ 40 ವರ್ಷಕ್ಕೆ 29,200 ಗಂಟೆ. ಅಂದರೆ ಸುಮಾರು ಮೂರು ವರ್ಷ ನಾಲ್ಕು ತಿಂಗಳು. ನಡೆದು ಗಳಿಸಿದ ಆಯಸ್ಸು ಹೇಗೆ ಗಳಿಸೋದು ಅಂತ ಕೇಳೋಕೇ ಹೋಯಿತು. ನಡೆದ ಏಳು ತಿಂಗಳು ಕೈಯಿಂದ ಹಾಕಿದ್ದು.

ನಡೆಯುತ್ತಾ ಕೇಳಿದರೆ ಆಯಿತಲ್ಲ ಅಂತೀರಾ? ವಾರಕ್ಕೆ 840 ನಿಮಿಷದ ವಿಡಿಯೊ, 150 ನಿಮಿಷದ ನಡಿಗೆ. ಉಳಿದ 690 ನಿಮಿಷ ಕೂತೇ ಕೇಳಬೇಕು. ಜಾಸ್ತಿ ಹೊತ್ತು ಕೂರೋದು ಎಷ್ಟು ಅಪಾಯ ಅನ್ನೋ ವಿಡಿಯೊ ಕೂಡ ಅದರಲ್ಲೇ ಇದೆ.

ವಿಡಿಯೊ ಮಾಡುವವರದ್ದೂ ತಪ್ಪಲ್ಲ ಬಿಡಿ. ಸಿಗರೇಟು ಸೇದಬೇಡಿ, ನಡೀರಿ, ಸೊಪ್ಪು ತರಕಾರಿ ಕಾಳು ಜಾಸ್ತಿ ತಿನ್ನಿ, ಕತ್ತಲಾದ ಮೇಲೆ ಮಲಗಿ, ನಾಲ್ಕು ಜನರ ಜೊತೆ ಮಾತಾಡಿ. ವಿಷಯ ಇಷ್ಟೇ. ಹೇಳಿ ಮುಗಿಸೋಕೆ ಹತ್ತು ಸೆಕೆಂಡು ಸಾಕು. ಹತ್ತು ಸೆಕೆಂಡಿನಲ್ಲಿ ಜಾಹೀರಾತು ಎಲ್ಲಿ ತುರುಕೋದು, ಪೌಡರ್ ಡಬ್ಬಿ ಯಾವಾಗ ತೋರಿಸೋದು?

ಅದಕ್ಕೇ ಅವರು ನೂರು ದಾಟಿದವರ ಊರುಗಳಿಗೆ ಹೋಗುತ್ತಾರೆ. ಜಪಾನಿನ ಒಕಿನಾವಾ, ಇಟಲಿಯ ಸಾರ್ಡಿನಿಯಾ, ಗ್ರೀಸಿನ ಇಕಾರಿಯಾ. ಕ್ಯಾಮೆರಾ ಹಿಡಿದು ಹೋಗಿ ಅಜ್ಜ ಏನು ತಿನ್ನುತ್ತಾರೆ ಅಂತ ತಟ್ಟೆಗೆ ಇಣುಕುತ್ತಾರೆ. ಅಲ್ಲಿ ಬೇರೆ ತಮಾಷೆ ಇದೆ. 2010ರಲ್ಲಿ ಟೋಕಿಯೊದ ಅಧಿಕಾರಿಗಳು 111 ವರ್ಷದ ಹಿರಿಯರೊಬ್ಬರಿಗೆ ಶುಭ ಹಾರೈಸಲು ಹೋದರು. ಅವರು ತೀರಿಕೊಂಡು ಸುಮಾರು 30 ವರ್ಷವಾಗಿತ್ತು. ದೇಹ ಮನೆಯಲ್ಲೇ ಇತ್ತು, ಪಿಂಚಣಿ ಮಾತ್ರ ತಪ್ಪದೆ ಬರುತ್ತಿತ್ತು. ಆಮೇಲೆ ಕಡತ ತೆಗೆದು ನೋಡಿದರೆ, ದಾಖಲೆಯಲ್ಲಿ ಬದುಕಿದ್ದ 2,30,000ಕ್ಕೂ ಹೆಚ್ಚು ಶತಾಯುಷಿಗಳು ಎಲ್ಲಿದ್ದಾರೆ ಅಂತಲೇ ಗೊತ್ತಾಗಲಿಲ್ಲ. ಶತಾಯುಷಿಗಳು ಹೆಚ್ಚಿರುವ ಎಷ್ಟೋ ಕಡೆ ಜನನ ದಾಖಲೆಗಳೇ ಕೆಟ್ಟದಾಗಿವೆ ಅಂತ ತೋರಿಸಿದ ಸಾಲ್ ನ್ಯೂಮನ್ ಎಂಬ ಸಂಶೋಧಕರಿಗೆ 2024ರಲ್ಲಿ ಇಗ್ ನೊಬೆಲ್ ಬಂತು, ಅಂದರೆ ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಪ್ರಶಸ್ತಿ. ನಾವು ವಯಸ್ಸನ್ನು ಸರಿಯಾಗೇ ಪರೀಕ್ಷಿಸಿದ್ದೇವೆ ಅಂತ ಆ ಊರುಗಳನ್ನು ಹುಡುಕಿದವರು ಜಗಳಕ್ಕೆ ನಿಂತಿದ್ದಾರೆ. ಜಗಳ ಇತ್ಯರ್ಥ ಆಗುವವರೆಗೆ ದೀರ್ಘಾಯುಷ್ಯಕ್ಕೆ ಒಂದು ಅಗ್ಗದ ಉಪಾಯ ಇದೆ: ಬರ್ತ್ ಸರ್ಟಿಫಿಕೇಟ್ ಕಳೆದುಕೊಳ್ಳಿ.

ಕಾಗದಪತ್ರ ಗಟ್ಟಿಯಾಗಿದ್ದವರಲ್ಲಿ ಎಲ್ಲರಿಗಿಂತ ಹೆಚ್ಚು ಬದುಕಿದ್ದು ಫ್ರಾನ್ಸಿನ ಆರ್ಲ್ ಊರಿನ ಜಾನ್ ಕಾಲ್ಮಾ ಎಂಬ ಅಜ್ಜಿ. 122 ವರ್ಷ 164 ದಿನ. ಅದು ಅಜ್ಜಿಯೇ ಅಲ್ಲ, ಅಜ್ಜಿಯ ಮಗಳು ಅಂತ 2018ರಲ್ಲಿ ಕೆಲವರು ತಕರಾರು ತೆಗೆದರು, ಹೆಚ್ಚಿನ ತಜ್ಞರು ಒಪ್ಪಲಿಲ್ಲ. ಈ ಅಜ್ಜಿ ನೂರರ ತನಕ ಸೈಕಲ್ ಹೊಡೆದರು ಅನ್ನೋದನ್ನು ವ್ಯಾಯಾಮದವರು ಎತ್ತಿ ಹೇಳುತ್ತಾರೆ. ಸಿಗರೇಟು ಬಿಟ್ಟದ್ದು 117ರ ಸುಮಾರಿಗೆ ಅನ್ನೋದನ್ನು ಮೆತ್ತಗೆ ನುಂಗುತ್ತಾರೆ. ಚಾಕೊಲೇಟ್ ಅಂದರೆ ಪ್ರಾಣ.

1965ರಲ್ಲಿ, ಅಂದರೆ ಆ ಹೆಜ್ಜೆ ಯಂತ್ರ ಬಂದ ವರ್ಷವೇ, ಅಜ್ಜಿಗೆ 90 ಆಗಿತ್ತು. 47 ವರ್ಷದ ವಕೀಲರೊಬ್ಬರು ಅಜ್ಜಿಯ ಜೊತೆ ಒಂದು ಒಪ್ಪಂದ ಮಾಡಿಕೊಂಡರು. ತಿಂಗಳಿಗೆ 2,500 ಫ್ರಾಂಕ್ ಕೊಡುವುದು, ಅಜ್ಜಿ ಹೋದ ಮೇಲೆ ಮನೆ ವಕೀಲರಿಗೆ. ತೊಂಬತ್ತರ ಅಜ್ಜಿ, ಎಷ್ಟು ತಿಂಗಳು ಆದೀತು? ವಕೀಲರು 30 ವರ್ಷ ಕಟ್ಟಿದರು. ಮನೆಯ ಬೆಲೆಯ ಎರಡು ಪಟ್ಟಿಗೂ ಹೆಚ್ಚು ಕೊಟ್ಟು, 1995ರ ಕ್ರಿಸ್‌ಮಸ್ ದಿನ 77ನೇ ವಯಸ್ಸಿಗೆ ತೀರಿಕೊಂಡರು. ಅದೇ ದಿನ ವೃದ್ಧಾಶ್ರಮದಲ್ಲಿ ಅಜ್ಜಿ ಬಾತುಕೋಳಿ ತೊಡೆ, ಚೀಸ್, ಚಾಕೊಲೇಟ್ ಕೇಕ್ ಊಟ ಮಾಡಿದರು ಅಂತ ಪತ್ರಿಕೆಗಳು ಬರೆದವು. ಒಪ್ಪಂದ ಒಪ್ಪಂದವೇ. ಮುಂದಿನ ತಿಂಗಳ ಕಂತನ್ನು ವಕೀಲರ ಹೆಂಡತಿ ಕಟ್ಟಿದರು.