ದೀಪ ಶಾಂತ ಮಾಡಿಸಿಕೊಂಡು ಬಾ

ನಮ್ಮ ಮನೆಯಲ್ಲಿ ‘ದೀಪ ಆರಿಸು’ ಅನ್ನುವ ಹಾಗಿಲ್ಲ, ಅಪಶಕುನ. ‘ದೀಪ ಶಾಂತ ಮಾಡು’ ಅನ್ನಬೇಕು. ಅಜ್ಜಿಯ ಕಾಲದ ಈ ಕಟ್ಟಳೆ ಕಾರಿನ ಡ್ಯಾಶ್‌ಬೋರ್ಡಿಗೂ ಅನ್ವಯಿಸುತ್ತದೆಂದು ನನಗೆ ತಿಳಿದದ್ದು ಒಂದು ಶ್ರಾವಣ ಶುಕ್ರವಾರ. ಅಮ್ಮನನ್ನು ಕೂರಿಸಿಕೊಂಡು ಬನಶಂಕರಿ ಮೂರನೇ ಹಂತದಿಂದ ಗಾಂಧಿ ಬಜಾರಿಗೆ ಹೂವು ತರಲು ಹೊರಟಿದ್ದೆ. ನಾಲ್ಕೈದು ಕಿಲೋಮೀಟರಿನ ದಾರಿ. ಕತ್ರಿಗುಪ್ಪೆ ಸಿಗ್ನಲ್ಲಿನಲ್ಲಿ ನಮ್ಮ ಪಾಲಿಗೆ ಮೂರನೇ ಸಲ ಕೆಂಪು ಬಿದ್ದಾಗ ಸ್ಟೇರಿಂಗಿನ ಹಿಂದೆ ಹಳದಿ ಬಣ್ಣದ ಪುಟ್ಟ ಚಿತ್ರವೊಂದು ಹತ್ತಿಕೊಂಡಿತು. ಒಂದು ಡಬ್ಬ, ಅದರೊಳಗೆ ಕಾಳುಕಾಳಾಗಿ ಚುಕ್ಕೆಗಳು.

ಅಮ್ಮ ಕನ್ನಡಕ ಏರಿಸಿ ಬಗ್ಗಿ ನೋಡಿದರು. “ಏನೋ ಅದು, ಸಾಸಿವೆ ಡಬ್ಬ ಇದ್ದ ಹಾಗಿದೆ?”

“ಗೊತ್ತಿಲ್ಲಮ್ಮ. ಏನೋ ವಾರ್ನಿಂಗು.”

“ಶುಕ್ರವಾರ ತಾನಾಗೇ ದೀಪ ಹತ್ತಿದೆ, ಒಳ್ಳೇದೇ ಬಿಡು. ಆದ್ರೂ ನಾಳೆ ಹೋಗಿ ಶಾಂತ ಮಾಡಿಸ್ಕೊಂಡು ಬಾ.”

ಹೋದೆ. ಕಂಪನಿಯ ಸರ್ವೀಸ್ ಸೆಂಟರೆಂದರೆ ಈಗ ಮದುವೆ ಛತ್ರದ ಹಾಗೆ. ಬಾಗಿಲಲ್ಲೇ ಸ್ವಾಗತ, ಒಳಗೆ ಎಸಿ, ಸೋಫಾ, ಗುಂಡಿ ಒತ್ತಿದರೆ ಕಾಫಿ. ಕೈಗೆ ಗ್ರೀಸ್ ಹತ್ತಿದ ಮನುಷ್ಯ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಇಸ್ತ್ರಿ ಮಾಡಿದ ಅಂಗಿಯ ಸರ್ವೀಸ್ ಅಡ್ವೈಸರ್ ಟ್ಯಾಬ್ ಹಿಡಿದು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿದ. ಹೆಣ್ಣು ನೋಡಲು ಬಂದವರ ಕಡೆಯ ಸೋದರತ್ತೆಯಂತೆ ಎಲ್ಲೆಲ್ಲಿ ಗೀರಿದೆ, ಎಲ್ಲೆಲ್ಲಿ ತಗ್ಗಿದೆ ಎಂದು ಗುರುತು ಹಾಕಿಕೊಂಡ. ಆಮೇಲೆ ಎಸಿ ಇವಾಪರೇಟರ್ ಕ್ಲೀನಿಂಗ್, ಇಂಜೆಕ್ಟರ್ ಕ್ಲೀನರ್, ಅಂಡರ್‌ಬಾಡಿ ಕೋಟಿಂಗ್, ಇಲಿ ಬರದ ಹಾಗೆ ಹೊಡೆಯುವ ಸ್ಪ್ರೇ, ಇಷ್ಟನ್ನೂ ಉಸಿರು ತೆಗೆದುಕೊಳ್ಳದೆ ಸಹಸ್ರನಾಮದಂತೆ ಹೇಳಿ ಮುಗಿಸಿದ. ನಾನು ಬಂದದ್ದು ದೀಪಕ್ಕೆ ಎಂದೆ.

“ಓ, ಹಳದಿನಾ ಸಾರ್? ಹಳದಿ ಆದ್ರೆ ಏನೂ ತೊಂದ್ರೆ ಇಲ್ಲ. ಕೆಂಪಾದ್ರೆ ನಿಲ್ಲಿಸ್ಬೇಕು.”

ಕೆಂಪಾದರೆ ನಿಲ್ಲಿಸಬೇಕೆಂಬ ವಿಚಾರವನ್ನು ಬೆಂಗಳೂರಿನಲ್ಲಿ ಒಬ್ಬರ ಬಾಯಿಂದ ಕೇಳಿ ಬಹಳ ದಿನವಾಗಿತ್ತು. ಸ್ಟೇರಿಂಗಿನ ಕೆಳಗೆ ಹದಿನಾರು ಪಿನ್ನುಗಳ ಒಂದು ಕಿಂಡಿ ಇರುತ್ತದೆ, ಓಬಿಡಿ ಪೋರ್ಟು ಅಂತ. ಅದಕ್ಕೆ ಸ್ಕ್ಯಾನರ್ ಚುಚ್ಚಿದ. ಪರದೆಯ ಮೇಲೆ ‘ಪಿ2463’ ಎಂಬ ದೋಷದ ಕೋಡ್ ಬಂತು. ಜಾತಕದಲ್ಲಿ ಅಷ್ಟಮ ಶನಿ ಕಂಡ ಜೋಯಿಸರ ಹಾಗೆ ತಲೆ ಆಡಿಸಿ, “ಡಿಪಿಎಫ್ ಸಾರ್. ಮಸಿ ತುಂಬ್ಕೊಂಡಿದೆ” ಎಂದ.

ವಿಷಯ ಇಷ್ಟು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿಎಸ್ 6 ಎಂಬ ವಾಹನ ಹೊಗೆಯ ನಿಯಮ ಬಂತು. ನಾಲ್ಕರಿಂದ ಐದಕ್ಕೆ ಹೋಗದೆ ಸೀದಾ ಆರಕ್ಕೆ ಹಾರಿದೆವು, ಡಬಲ್ ಪ್ರಮೋಷನ್. ಡೀಸೆಲ್ಲಿನ ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಡೀಸೆಲ್ ಕಾರಿನ ಹೊಗೆಕೊಳವೆಗೆ ಮಸಿ ಹಿಡಿಯುವ ಜರಡಿಯೊಂದು ಸೇರಿತು, ಅದೇ ಈ ಡಿಪಿಎಫ್. ಜರಡಿ ತುಂಬಿದಾಗ ಇಂಜಿನ್ನು ಸ್ವಲ್ಪ ಹೆಚ್ಚು ಡೀಸೆಲ್ ಚಿಮ್ಮಿಸಿ, ಹೊಗೆಯನ್ನು ಸುಮಾರು 600 ಡಿಗ್ರಿಗೆ ಕಾಯಿಸಿ, ಆ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಒಳ್ಳೆಯ ಯೋಚನೆ, ನನ್ನ ತಕರಾರಿಲ್ಲ. ಆದರೆ ಸುಡುವುದು ಮುಗಿಯುವವರೆಗೆ ಗಾಡಿ ಒಂದೇ ಸಮ ಓಡುತ್ತಿರಬೇಕು.

“ಏನಿಲ್ಲ ಸಾರ್, ಅರವತ್ತರ ಮೇಲೆ ಇಪ್ಪತ್ತು ನಿಮಿಷ ನಾನ್‌ಸ್ಟಾಪ್ ಓಡ್ಸಿ. ಆರ್‌ಪಿಎಂ ಎರಡು ಸಾವಿರ ಮೇಲಿರ್ಲಿ. ದೀಪ ತಾನೇ ಹೋಗತ್ತೆ.”

“ಎಲ್ಲಿ?”

“ಎಲ್ಲಾದ್ರೂ ಸಾರ್.”

ಅವನ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಅವನು ದಿನಾ ಮೆಟ್ರೋದಲ್ಲಿ ಬರುತ್ತಾನೆಂದು ಆಮೇಲೆ ಗೊತ್ತಾಯಿತು.

ಟಾಮ್‌ಟಾಮ್ ಎಂಬ ಡಚ್ ಕಂಪನಿ ಪ್ರತಿವರ್ಷ ಲೋಕದ ಊರುಗಳ ಟ್ರಾಫಿಕ್ ಅಳೆಯುತ್ತದೆ. 2022ರ ಅದರ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರು ದಾಟಲು ಸರಾಸರಿ 29 ನಿಮಿಷ 10 ಸೆಕೆಂಡು. ಲೋಕಕ್ಕೇ ಎರಡನೆಯವರು, ಲಂಡನ್ ಮೊದಲು. ಆ ಲೆಕ್ಕದ ಪ್ರಕಾರ ಇಪ್ಪತ್ತು ನಿಮಿಷದಲ್ಲಿ ನಾನು ಏಳು ಕಿಲೋಮೀಟರನ್ನೂ ಮುಟ್ಟುವುದಿಲ್ಲ. ಅಡ್ವೈಸರ್ ಹೇಳಿದ ಅರವತ್ತರ ವೇಗಕ್ಕೆ ಇಪ್ಪತ್ತು ಕಿಲೋಮೀಟರು ಆಗಬೇಕು. ಅಂದರೆ ನನ್ನ ಕಾರಿಗೆ ಬಂದಿರುವುದು ರೋಗವಲ್ಲ, ಬೆಂಗಳೂರು. ನಮ್ಮೂರಿನಲ್ಲಿ ಹಳದಿ ಸಿಗ್ನಲ್ ಬಿದ್ದರೆ ಜನ ಇನ್ನೂ ಜೋರಾಗಿ ನುಗ್ಗುತ್ತಾರೆಂದು ಬೈಯುತ್ತಿದ್ದೆನಲ್ಲ, ಈ ಹಳದಿ ದೀಪಕ್ಕೂ ಕಂಪನಿಯವರು ಬರೆದುಕೊಟ್ಟ ಔಷಧಿ ಅದೇ.

ಕೊನೆಗೆ ಒಂದು ಭಾನುವಾರ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಊರ ಹೊರಗಿನ ಟೋಲ್ ದಾರಿಯಾದ ನೈಸ್ ರಸ್ತೆಗೆ ಹೋದೆ. ಹೆಂಡತಿ ನಿದ್ದೆಗಣ್ಣಲ್ಲಿ “ಇಷ್ಟೊತ್ತಿಗೆ ಎಲ್ಲಿಗ್ರೀ?” ಎಂದಳು. “ಮಸಿ ಸುಡೋಕೆ” ಎಂದೆ. ಅವಳು ಹೊದಿಕೆ ಎಳೆದುಕೊಂಡಳು. ಮದುವೆಯಾಗಿ ಇಪ್ಪತ್ತು ವರ್ಷವಾದ ಮೇಲೆ ಗಂಡಸು ಬೆಳಗಿನ ಜಾವ ಎಲ್ಲಿಗೆ ಏನು ಸುಡಲು ಹೋದರೂ ಎರಡನೇ ಪ್ರಶ್ನೆ ಬರುವುದಿಲ್ಲ.

ಟೋಲ್ ಕಟ್ಟಿ, ನಾಲ್ಕನೇ ಗೇರಿನಲ್ಲಿ, ಎಲ್ಲಿಗೂ ಹೋಗಬೇಕಾಗಿಲ್ಲದ ನಾನು ಎಪ್ಪತ್ತರಲ್ಲಿ ಹೋಗುತ್ತಿದ್ದೆ. ಪಕ್ಕದಲ್ಲಿ ಇನ್ನೊಂದು ಡೀಸೆಲ್ ಗಾಡಿ, ಒಳಗೆ ಮಂಕಿ ಕ್ಯಾಪ್ ಹಾಕಿದ ಯಜಮಾನರೊಬ್ಬರು. ಅವರೂ ಒಬ್ಬರೇ, ಅವರ ಕಣ್ಣೂ ರಸ್ತೆಗಿಂತ ಹೆಚ್ಚಾಗಿ ಡ್ಯಾಶ್‌ಬೋರ್ಡಿನ ಮೇಲೆ. ಟೋಲ್ ಗೇಟಿನಲ್ಲಿ ಅಕ್ಕಪಕ್ಕ ನಿಂತಾಗ ಗಾಜು ಇಳಿಸಿ, “ನಿಮ್ದು ಹೋಯ್ತಾ?” ಎಂದು ಕೇಳಿದರು. “ಹೋಯ್ತು ಸಾರ್” ಎಂದೆ. “ನಂದು ಇನ್ನೂ ಇಲ್ಲ, ಇನ್ನೊಂದು ರೌಂಡ್ ಹೊಡೀತೀನಿ” ಎಂದು ಹೊರಟರು. ಮಕ್ಕಳಾಗಲೆಂದು ಅರಳಿಮರ ಸುತ್ತುವವರಲ್ಲಿ ಇರುವಷ್ಟು ಶ್ರದ್ಧೆ ಅವರಲ್ಲಿತ್ತು. ಪರಿಸರ ಕೆಡಬಾರದೆಂದು ಕೂಡಿಟ್ಟ ಮಸಿಯನ್ನು ಸುಡಲು ನಾವಿಬ್ಬರೂ ಆ ಬೆಳಗ್ಗೆ ಎಷ್ಟು ಡೀಸೆಲ್ ಸುಟ್ಟೆವೆಂದು ಲೆಕ್ಕ ಹಾಕಲು ಧೈರ್ಯ ಬರಲಿಲ್ಲ.

ದೀಪ ಶಾಂತವಾಗಿತ್ತು. ಹನ್ನೆರಡು ದಿನ.

ಆ ಹನ್ನೆರಡು ದಿನದಲ್ಲಿ ಮಾಡಿದ ಒಂದು ಘನಕಾರ್ಯವೆಂದರೆ ಮ್ಯಾನ್ಯುಯಲ್ ಓದಿದ್ದು. ಅದನ್ನು ಓದಿದವನು ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಾನೊಬ್ಬನೇ ಇರಬೇಕು. ಸರ್ವೀಸು 10,000 ಕಿಲೋಮೀಟರಿಗೆ ಅಥವಾ ಒಂದು ವರ್ಷಕ್ಕೆ, ಯಾವುದು ಮೊದಲೋ ಅದು. ಮೈಸೂರು ಹೆದ್ದಾರಿಯಲ್ಲಿ ಎಂಬತ್ತರಲ್ಲಿ ಹೋಗುವವನ ಇಂಜಿನ್ನು 10,000 ಕಿಲೋಮೀಟರಿಗೆ 125 ಗಂಟೆ ಓಡಿರುತ್ತದೆ. ಇಪ್ಪತ್ತರಲ್ಲಿ ತೆವಳುವ ನನ್ನದು 500 ಗಂಟೆ. ಮೀಟರಿನಲ್ಲಿ ಇಬ್ಬರದೂ ಒಂದೇ ವಯಸ್ಸು! ಇದು ಅವರಿಗೂ ಗೊತ್ತಿದೆ. ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ‘ಕಠಿಣ ಪರಿಸ್ಥಿತಿ’ ಎಂದೊಂದು ಪಟ್ಟಿ: ಧೂಳಿನ ರಸ್ತೆ, ಪದೇ ಪದೇ ನಿಂತು ಹೊರಡುವುದು, ನಿಂತಲ್ಲೇ ಬಹಳ ಹೊತ್ತು ಇಂಜಿನ್ ಚಾಲೂ ಇಡುವುದು, ಗಿಡ್ಡ ಓಡಾಟ. ಇಂಥವರು ಆಯಿಲ್ಲನ್ನು ಬೇಗ ಬದಲಿಸಬೇಕಂತೆ. ನನ್ನ ಮನೆ ವಿಳಾಸ ಬರೆದಿದ್ದರೆ ಅಷ್ಟು ಉದ್ದ ಬೇಕಾಗುತ್ತಿರಲಿಲ್ಲ.

ಆಯಿಲ್ಲಿನದು ಇನ್ನೊಂದು ಪವಾಡ. ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತುಹೋದಾಗೆಲ್ಲ ಸುಡದೆ ಉಳಿದ ಡೀಸೆಲ್ಲು ಇಳಿದು ಇಂಜಿನ್ ಆಯಿಲ್ಲಿಗೆ ಸೇರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ಲು ಹೋದ ತಿಂಗಳಿಗಿಂತ ಜಾಸ್ತಿ! ಅಮ್ಮನಿಗೆ ಹೇಳಿದರೆ ಅಕ್ಷಯಪಾತ್ರೆ ಎಂದು ಕುಂಕುಮ ಇಟ್ಟಾರೆಂದು ಸುಮ್ಮನಾದೆ.

ಕುಂಕುಮದ ಮಾತು ಬಂತು, ಭಾವಮೈದನ ಕಥೆ ಹೇಳಿಬಿಡುತ್ತೇನೆ. ಅವನದು ಹೊಸ ಕಾರು, ಅಡಾಸ್ ಇರುವಂಥದ್ದು. ಕಾರೇ ಕಣ್ಣಿಟ್ಟು ನೋಡಿ, ಲೇನ್ ತಪ್ಪಿದರೆ ಎಚ್ಚರಿಸಿ, ಎದುರಿಗೆ ಯಾರಾದರೂ ಬಂದರೆ ತಾನೇ ಬ್ರೇಕ್ ಹಾಕುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಎದುರಿಗೆ ಯಾರೂ ಬಾರದ ಕ್ಷಣ ಯಾವುದು? ಎಡಗಡೆಯಿಂದ ಒಂದು ಸ್ಕೂಟರು ನುಸುಳಿದರೆ ಕುಯ್ಯೋ ಅನ್ನುತ್ತದೆ, ಬಲಗಡೆಯಿಂದ ಆಟೋ ಮೂಗು ತೂರಿಸಿದರೆ ನಡುಗಿ ನಿಲ್ಲುತ್ತದೆ, ಅದು ನಿಂತಿತೆಂದು ಹಿಂದಿನವನು ಇವನಿಗೆ ಬೈಯುತ್ತಾನೆ. ಲೇನಿನ ಗೆರೆ ಹುಡುಕಿ ಹುಡುಕಿ ಸೋತು, ಈಗ ಆ ಚಿಹ್ನೆ ಬೂದಿ ಬಣ್ಣಕ್ಕೆ ತಿರುಗಿ ಸುಮ್ಮನಿದೆ. ಆಯುಧಪೂಜೆಯ ದಿನ ಅತ್ತೆ ಗ್ರಿಲ್ಲಿಗೆ ಎರಡೆರಡು ಬಾಳೆಕಂದು ಕಟ್ಟಿ, ಸೇವಂತಿಗೆ ಹಾರ ಹಾಕಿ, ಮೂಗಿನ ಮೇಲೆ ಅಂಗೈ ಅಗಲ ಗಂಧ ಅರಿಶಿನ ಕುಂಕುಮ ಬಳಿದರು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಲು ಸ್ಟಾರ್ಟ್ ಮಾಡಿದ್ದೇ ತಡ, ‘ಮುಂದಿನ ರಾಡಾರ್ ಮುಚ್ಚಿಹೋಗಿದೆ, ಒರೆಸಿ’ ಎಂದು ಪರದೆಯ ತುಂಬ ಬಂತು. 77 ಗಿಗಾಹರ್ಟ್ಸ್‌ನಲ್ಲಿ ಲೋಕ ನೋಡುವ ಕಣ್ಣಿಗೆ ಅರಿಶಿನ ಹೊಕ್ಕಿತ್ತು.

“ಭಾವ, ಒರೆಸ್ಲಾ?” ಎಂದು ಪಿಸುಗುಟ್ಟಿದ.

“ಇವತ್ತಿನ ದಿನ ಕುಂಕುಮ ಒರೆಸ್ತಾರೇನೋ?” ಎಂದು ಅತ್ತೆ ಗದರಿದರು. ವಿಜಯದಶಮಿಯವರೆಗೂ ಆ ಕಾರು ಕುರುಡಾಗಿ ಓಡಾಡಿತು. ಆ ಎರಡು ದಿನ ಎಷ್ಟು ನೆಮ್ಮದಿಯಾಗಿ ಓಡಿಸಿದೆ ಅಂತೀರಿ ಭಾವ, ಎಂದು ಅವನು ಈಗಲೂ ನೆನೆಸಿಕೊಳ್ಳುತ್ತಾನೆ.

ಷಡ್ಡಕರದು ಇನ್ನೂ ಸರಳ. 2019ರ ಜುಲೈ 1ರಿಂದ ತಯಾರಾಗುವ ಕಾರುಗಳಿಗೆ ಸೀಟ್ ಬೆಲ್ಟ್ ನೆನಪಿಸುವ ಕುಯ್‌ಕುಯ್, ಹಿಂಬದಿಯ ಪಾರ್ಕಿಂಗ್ ಸೆನ್ಸರ್, ಎಂಬತ್ತು ದಾಟಿದರೆ ಬಡಿದುಕೊಳ್ಳುವ ಗಂಟೆ, ಎಲ್ಲ ಕಡ್ಡಾಯ. (ಆ ಎಂಬತ್ತರ ಗಂಟೆಯಷ್ಟು ಆರಾಮದ ನೌಕರಿ ಬೆಂಗಳೂರಿನಲ್ಲಿ ಇನ್ನೊಂದಿಲ್ಲ.) ಬೆಲ್ಟಿನ ಕುಯ್‌ಕುಯ್‌ಗೆ ಷಡ್ಡಕರು ಜೆ.ಸಿ. ರಸ್ತೆಯಿಂದ ಒಂದು ಕ್ಲಿಪ್ಪು ತಂದರು. ಬೆಲ್ಟಿನ ನಾಲಿಗೆಯಷ್ಟನ್ನೇ ಕತ್ತರಿಸಿ ಮಾರಿದಂತಿರುವ ಲೋಹದ ತುಂಡು. ತೂತಿಗೆ ಸಿಕ್ಕಿಸಿದರೆ ಬೆಲ್ಟ್ ಹಾಕಿದ್ದಾರೆಂದು ಕಾರು ನಂಬುತ್ತದೆ. ಬೆಲ್ಟ್ ಹಾಕಿಕೊಳ್ಳಲು ಬೇಕಾಗುವ ಶ್ರಮವೂ ಅಷ್ಟೇ, ಒಂದು ಚಿಟಿಕೆ. ಆದರೂ ಮೂವತ್ತು ನಿಮಿಷ ಪಾರ್ಕಿಂಗ್ ಹುಡುಕಿ, ದುಡ್ಡು ಕೊಟ್ಟು ತಂದರು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆನ್‌ಲೈನ್ ಅಂಗಡಿಗಳಿಂದ ಇಂಥ ಕ್ಲಿಪ್ಪಿನ 13,118 ಜಾಹೀರಾತು ತೆಗೆಸಿತು. ಅವುಗಳಲ್ಲಿ ಕೆಲವನ್ನು ಬಾಟಲಿ ಓಪನರ್ ಎಂಬ ಹೆಸರಲ್ಲಿ ಮಾರುತ್ತಿದ್ದರಂತೆ. ಬೆಲ್ಟ್ ಇಲ್ಲದೆ ಓಡಿಸುವವನಿಗೆ ಕೈಗೆಟಕುವಲ್ಲೇ ಬಾಟಲಿ ಓಪನರು! ನಮ್ಮ ಮನೆಯಲ್ಲಿ ಆ ಕ್ಲಿಪ್ಪಿಗೆ ಪ್ರವೇಶವಿಲ್ಲ. ಮುಂದಿನ ಸೀಟಿನಲ್ಲಿಟ್ಟ ಹಲಸಿನ ಹಣ್ಣನ್ನೂ ಸೆನ್ಸರು ಮನುಷ್ಯನೆಂದು ತಿಳಿದು ಬಡಿದುಕೊಂಡಾಗ ಅದಕ್ಕೂ ಬೆಲ್ಟ್ ಬಿಗಿದು ಕರೆತಂದವನು ನಾನು. ಷಡ್ಡಕರಿಗಿಂತ ಆ ಹಣ್ಣು ಕ್ಷೇಮವಾಗಿ ಮನೆ ಸೇರಿದೆ.

ಹದಿಮೂರನೇ ದಿನ ಸಾಸಿವೆ ಡಬ್ಬ ಮತ್ತೆ ಹತ್ತಿತು. ಈ ಸಲ ಸೋಫಾದ ಗೊಡವೆ ಬೇಡವೆಂದು ಪರಿಚಯದ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಬಗ್ಗಿ ನೋಡಿ, ಮೂರು ಮಾರ್ಗ ಹೇಳಿದ.

“ಕೋಡ್ ಕ್ಲಿಯರ್ ಮಾಡ್ಲಾ ಸಾರ್? ಒಂದು ವಾರ ಬರಲ್ಲ.”

“ಮಸಿ?”

“ಮಸಿ ಇರತ್ತೆ. ದೀಪ ಇರಲ್ಲ. ಬೇಡಾಂದ್ರೆ ಆ ಡಬ್ಬಾನೇ ಕಿತ್ತಾಕಿ ಸೀದಾ ಪೈಪ್ ಹಾಕ್ಬಿಡಣ. ಡಬ್ಬ ಇದೆ, ಖಾಲಿ ಇದೆ ಅಂತ ಸಾಫ್ಟ್‌ವೇರ್‌ಗೆ ಹೇಳ್ಬಿಡೋ ಹುಡುಗ ಇದಾನೆ. ಕಾನೂನಲ್ಲಿ ತಪ್ಪು, ಆದ್ರೆ ಗಾಡಿ ನಂಬತ್ತೆ.”

“ಮೂರನೇದು?”

ಅವನು ಡ್ರಾಯರಿನಿಂದ ಕಪ್ಪು ಇನ್ಸುಲೇಷನ್ ಟೇಪು ತೆಗೆದು, ದೀಪದ ಅಳತೆಗೆ ಒಂದು ತುಂಡು ಹರಿದು ತೋರಿಸಿದ. ಅದಕ್ಕೆ ದುಡ್ಡು ಬೇಡವಂತೆ.

ನಕ್ಕೆ. ನಗಬಾರದಿತ್ತು. ಅದೇ ವಾರ ನಮ್ಮ ಬೀದಿಯ ತಿರುವಿನ ಗುಂಡಿಯ ಬಗ್ಗೆ ಕಚೇರಿಯೊಂದರ ಆ್ಯಪಿನಲ್ಲಿ ಫೋಟೋ ಸಮೇತ ದೂರು ಕೊಟ್ಟಿದ್ದೆ. ಮೂರನೇ ದಿನ ಹಸಿರು ಗುರುತಿನೊಂದಿಗೆ ‘ಪರಿಹರಿಸಲಾಗಿದೆ’ ಎಂದು ಬಂತು. ಖುಷಿಯಿಂದ ನೋಡಲು ಹೋದರೆ ಗುಂಡಿ ಅಲ್ಲೇ ಇತ್ತು, ಮಳೆ ಬಂದು ಇನ್ನಷ್ಟು ಮೈತುಂಬಿಕೊಂಡಿತ್ತು. ಮತ್ತೆ ದೂರು ಕೊಟ್ಟೆ. ‘ಈ ದೂರು ಈಗಾಗಲೇ ಪರಿಹಾರವಾಗಿದೆ, ಪುನರಾವರ್ತನೆ’ ಎಂದು ಅದನ್ನೂ ಮುಚ್ಚಿದರು. ಮುಚ್ಚಿದ್ದು ದೂರನ್ನು. ಅಲ್ಲೂ ಯಾರೋ ಮೇಸ್ತ್ರಿ ಕೂತು ಕೋಡ್ ಕ್ಲಿಯರ್ ಮಾಡುತ್ತಿದ್ದಾನೆ, ಅಷ್ಟೇ. ಆ ಗುಂಡಿಗೆ ಬಿದ್ದೆದ್ದು ಮುಂದಿನ ಎಡಟಯರಿನ ಗಾಳಿ ಇಳಿದಾಗ ಡ್ಯಾಶ್‌ಬೋರ್ಡಿನಲ್ಲಿ ಇನ್ನೊಂದು ಹಳದಿ ದೀಪ ಹತ್ತಿತು. ಸಾಸಿವೆ ಡಬ್ಬಕ್ಕೆ ಜೊತೆಯಾಯಿತು.

ಕೊನೆಗೆ ಮತ್ತೆ ಸೋಫಾದವರ ಬಳಿಗೇ ಹೋದೆ. ಅವರು ಕಾರನ್ನು ನಿಲ್ಲಿಸಿಕೊಂಡೇ ಸ್ಕ್ಯಾನರಿನಿಂದ ಅಪ್ಪಣೆ ಕೊಟ್ಟು ಮಸಿ ಸುಡಿಸಿದರು, ಆಯಿಲ್ ಬದಲಿಸಿದರು, ಇಲಿಯ ಸ್ಪ್ರೇಯನ್ನೂ ಹೊಡೆದರು. ಕೀಲಿ ಕೊಡುವಾಗ ಅಡ್ವೈಸರ್ ದನಿ ತಗ್ಗಿಸಿ, “ಸಾರ್, ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರತ್ತೆ. ಹತ್ತಕ್ಕೆ ಹತ್ತು ಕೊಟ್ಬಿಡಿ. ಒಂಬತ್ತು ಕೊಟ್ರೂ ನನ್ ಇನ್ಸೆಂಟಿವ್ ಹೋಗತ್ತೆ” ಎಂದ. ಮುಖ ಬಾಡಿತ್ತು. ಮನೆಯಲ್ಲಿ ಚಿಕ್ಕ ಮಗುವಿದೆಯಂತೆ.

ಕಾಲ್ ಬಂದದ್ದು ಮುಂದಿನ ವಾರ, ಕತ್ರಿಗುಪ್ಪೆ ಸಿಗ್ನಲ್ಲಿನಲ್ಲೇ. ಗಾಡಿ ನಿಂತಿತ್ತು, ಅಮ್ಮ ಪಕ್ಕದಲ್ಲಿದ್ದರು, ಫೋನು ಸ್ಪೀಕರಿನಲ್ಲಿ. ಸಮಸ್ಯೆ ಸಂಪೂರ್ಣ ಪರಿಹಾರವಾಯಿತೇ, ಒಂದರಿಂದ ಹತ್ತರೊಳಗೆ ಎಷ್ಟು ಅಂಕ ಕೊಡುತ್ತೀರಿ ಎಂದು ಹುಡುಗಿಯೊಬ್ಬಳು ಕೇಳುತ್ತಿದ್ದಳು. ಅಷ್ಟರಲ್ಲಿ ಸ್ಟೇರಿಂಗಿನ ಹಿಂದೆ ಸಾಸಿವೆ ಡಬ್ಬ ಹತ್ತಿಕೊಂಡಿತು. ಅಮ್ಮ ನೋಡಿದರು, ನನ್ನ ಮುಖವನ್ನೂ ನೋಡಿದರು.

“ಹತ್ತು” ಎಂದೆ.