ಕಳವಳ ವ್ಯಕ್ತಪಡಿಸಲಾಯಿತು

ಸಮುದ್ರದ ನೀರಿನಲ್ಲಿ ಐದು ವರ್ಗಗಳಿವೆ ಎಂಬುದು ಗೊತ್ತಿಲ್ಲದೆ ನಾವು ಮುಂಬೈ ಕನ್ನಡಿಗರು ಇಷ್ಟು ಕಾಲ ದಾದರ್ ಚೌಪಾಟಿಯಲ್ಲಿ ಧೈರ್ಯವಾಗಿ ಕಾಲು ತೊಳೆದುಕೊಂಡು ಬಂದಿದ್ದೇವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪಟ್ಟಿಯ ಪ್ರಕಾರ ಮೊದಲ ವರ್ಗದ ನೀರು ಉಪ್ಪಿನ ಆಗರಕ್ಕೆ, ಚಿಪ್ಪುಮೀನಿಗೆ. ಎರಡನೆಯದು ಸ್ನಾನಕ್ಕೆ, ಮೀನುಗಾರಿಕೆಗೆ. ಮೂರನೆಯದು ಕಾರ್ಖಾನೆಯ ಯಂತ್ರ ತಂಪಾಗಿಸಲು ಮತ್ತು ಮುಟ್ಟದೆ ನೋಡಿ ಆನಂದಿಸಲು. ನಾಲ್ಕು ಬಂದರಿಗೆ. ಐದನೆಯದು ಹಡಗಿನ ಓಡಾಟಕ್ಕೆ ಹಾಗೂ ‘ನಿಯಂತ್ರಿತ ತ್ಯಾಜ್ಯ ವಿಲೇವಾರಿ’ಗೆ. ಎರಡನೇ ವರ್ಗಕ್ಕೆ ಸೇರಬೇಕಾದರೆ 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬರುವ ಬ್ಯಾಕ್ಟೀರಿಯಾಗಳಾದ ಕೋಲಿಫಾರ್ಮ್‌ಗಳ ಎಣಿಕೆ 100 ದಾಟಬಾರದು. ದಾಟಿದರೆ? ವರದಿಯಲ್ಲಿ ಒಂದು ಸಾಲು ಹೆಚ್ಚಾಗುತ್ತದೆ. ನೀರಿಗೂ ಜಾತಿ ಪ್ರಮಾಣಪತ್ರ ಮಾಡಿಸಿಟ್ಟ ಮೇಲೆ ಇನ್ನೇನು ಮಾಡಬೇಕು ಹೇಳಿ.

ಈ ಜ್ಞಾನವೆಲ್ಲ ನನಗೆ ದಕ್ಕಿದ್ದು ಮರೋಳ್ ಕಡೆಯ ಒಂದು ಬಾಡಿಗೆ ಹಾಲಿನಲ್ಲಿ. ನಮ್ಮವರದೇ ಒಂದು ಸಂಘ ಸಾಗರ ಸಂರಕ್ಷಣೆ ಮತ್ತು ಅಂತರರಾಷ್ಟ್ರೀಯ ಸಹಕಾರದ ಬಗ್ಗೆ ವಿಚಾರಗೋಷ್ಠಿ ಇಟ್ಟುಕೊಂಡಿತ್ತು. ಪ್ರಾರ್ಥನೆ, ಸ್ವಾಗತ, ದೀಪ, ದಾನಿಗಳಿಗೆ ಶಾಲು, ದಾನಿಗಳ ಪತ್ನಿಯರಿಗೆ ಹೂಗುಚ್ಛ, ಶಾಲು ಕೊಡಿಸಿದವರಿಗೆ ಇನ್ನೊಂದು ಶಾಲು. ಸಮುದ್ರದ ಸರದಿ ಬರುವಾಗ ಹನ್ನೆರಡೂವರೆ. ವೇದಿಕೆಯ ಮೇಲೆ ಒಬ್ಬೊಬ್ಬರ ಮುಂದೆಯೂ ಪ್ಲಾಸ್ಟಿಕ್ ನೀರಿನ ಪುಟ್ಟ ಬಾಟಲಿ. ಎರಡು ಗುಟುಕು ಕುಡಿದು ಬಿಟ್ಟದ್ದನ್ನು ತೆಗೆದು ಹೊಸತು ಇಡಲು ಇಬ್ಬರು ಸ್ವಯಂಸೇವಕರು.

ಭಾಷಣಕಾರರು ನಿಜಕ್ಕೂ ಓದಿಕೊಂಡವರು. ಜಗತ್ತಿನ ಕೊಳಕು ಸಮುದ್ರಗಳನ್ನೆಲ್ಲ ಒಂದು ಸುತ್ತು ತೋರಿಸಿದರು. ಇರಾನಿಗೂ ಅರಬರಿಗೂ ನಡುವೆ ಇರುವ ಕೊಲ್ಲಿಯನ್ನೇ ನೋಡಿ. ಇವರಿಗೆ ಅದು ಪರ್ಷಿಯನ್, ಅವರಿಗೆ ಅರೇಬಿಯನ್. 1978ರಲ್ಲಿ ಎಂಟು ದೇಶಗಳು ಕುವೈತಿನಲ್ಲಿ ಸೇರಿ ಅದನ್ನು ಕಾಪಾಡುವ ಒಪ್ಪಂದ ಮಾಡಿಕೊಂಡವು, ರೋಪ್ಮೆ ಎಂಬ ಸಂಸ್ಥೆ ಹುಟ್ಟಿತು. ಯಾವ ಹೆಸರು ಬರೆದರೂ ಒಬ್ಬರು ಎದ್ದು ಹೋಗುತ್ತಾರೆಂದು ಆ ನೀರಿಗೆ ಸಂಸ್ಥೆಯ ಹೆಸರನ್ನೇ ಇಟ್ಟರು: ‘ರೋಪ್ಮೆ ಸಮುದ್ರ ಪ್ರದೇಶ’. ಸಮುದ್ರಕ್ಕಾಗಿ ಕಮಿಟಿ ಹುಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಕಮಿಟಿಯ ಹೊಟ್ಟೆಯಲ್ಲಿ ಹುಟ್ಟಿದ ಸಮುದ್ರ ಅದು. ಆಮೇಲೆ ಸಹಿ ಹಾಕಿದವರಲ್ಲೇ ಇಬ್ಬರು, ಇರಾನ್ ಮತ್ತು ಇರಾಕ್, 1980ರಿಂದ ಎಂಟು ವರ್ಷ ಹೊಡೆದಾಡಿದರು. 1983ರಲ್ಲಿ ನೌರೂಜ್ ತೈಲಬಾವಿ ಕಡಲಿಗೆ ಕಕ್ಕಿತು. 1991ರ ಕೊಲ್ಲಿ ಯುದ್ಧದಲ್ಲಿ ಲಕ್ಷಾಂತರ ಟನ್ ಕಚ್ಚಾ ತೈಲ ಹರಿಯಿತು. ಇಷ್ಟಾದರೂ ಒಪ್ಪಂದದ ಕಾಗದಕ್ಕೆ ಒಂದು ಹನಿ ಎಣ್ಣೆ ತಾಗಿಲ್ಲ, ಇವತ್ತಿಗೂ ಜಾರಿಯಲ್ಲಿದೆ.

ನಮಗೇನು ಕಡಿಮೆಯೇ? ದಕ್ಷಿಣ ಏಷ್ಯಾದ ಪರಿಸರಕ್ಕೆಂದು 1982ರಲ್ಲೇ ಎಂಟು ಸರ್ಕಾರಗಳು ಕೂಡಿ ಸಂಸ್ಥೆ ಕಟ್ಟಿವೆ, ಕಚೇರಿ ಕೊಲಂಬೊದಲ್ಲಿ. ಎಂಟರಲ್ಲಿ ಮೂರಕ್ಕೆ, ಅಂದರೆ ನೇಪಾಳ, ಭೂತಾನ್, ಅಫ್ಘಾನಿಸ್ತಾನಕ್ಕೆ, ಕಡಲೇ ಇಲ್ಲ. ನನಗಂತೂ ಅವರೇ ಅತ್ಯಂತ ಪ್ರಾಮಾಣಿಕ ಸದಸ್ಯರು ಅನಿಸುತ್ತದೆ, ಕಡಲತಡಿಯಲ್ಲಿ ಕೂತು ಹಾಳು ಮಾಡುವ ಅವಕಾಶವಾದರೂ ಅವರಿಗಿಲ್ಲ. ಕಡಲಿರುವ ಐವರು, ಭಾರತ, ಪಾಕಿಸ್ತಾನ, ಶ್ರೀಲಂಕಾ, ಬಾಂಗ್ಲಾದೇಶ, ಮಾಲ್ಡೀವ್ಸ್, 1995ರಲ್ಲಿ ದೆಹಲಿಯಲ್ಲಿ ಕೂತು ಕಾರ್ಯಯೋಜನೆ ಒಪ್ಪಿಕೊಂಡರು. ಕಾನೂನಿನಿಂದ ಕಟ್ಟಿಹಾಕುವ ಒಪ್ಪಂದವಲ್ಲ, ಯೋಜನೆ. ಒಪ್ಪಂದ ಮುರಿದರೆ ತಪ್ಪಿತಸ್ಥರು ಸಿಗುತ್ತಾರೆ, ಯೋಜನೆ ಕುಂಟಿದರೆ ಇನ್ನೊಂದು ಸಭೆ ಸಿಗುತ್ತದೆ.

ಇನ್ನು ನಮ್ಮ ಅರಬ್ಬೀ ಸಮುದ್ರ. ಒಮಾನಿನ ದಡ ರೋಪ್ಮೆ ಲೆಕ್ಕಕ್ಕೆ, ಮುಂಬೈ ದಡ ಕೊಲಂಬೊದ ಲೆಕ್ಕಕ್ಕೆ. ಮಳೆಗಾಲದ ಗಾಳಿ ಏಳುತ್ತಲೇ ಜುಹೂವಿನಲ್ಲೂ ಗೋವಾದ ಬೀಚುಗಳಲ್ಲೂ ಕಪ್ಪು ಟಾರ್ ಉಂಡೆಗಳು ಬಂದು ಬೀಳುತ್ತವಲ್ಲ, ಅವು ತೈಲದ ಹಡಗಿನದೋ ಬಾವಿಯದೋ, ಯಾವ ಕಚೇರಿಯ ಗಿರಾಕಿಗಳೋ, ಮೈಮೇಲೆ ಬರೆದುಕೊಂಡು ಬರುವುದಿಲ್ಲ. ಅಂಗಾಲಿಗೆ ಅಂಟಿದರೆ ಸೋಪಿಗೆ ಬಗ್ಗುವುದಿಲ್ಲ, ತೆಂಗಿನೆಣ್ಣೆ ಹಾಕಿ ತಿಕ್ಕಬೇಕು. ಈ ವಿಷಯದಲ್ಲಿ ಮಾತ್ರ ಗುಜರಾತಿನಿಂದ ಗೋವಾದವರೆಗೆ ಪೂರ್ಣ ಸಹಕಾರವಿದೆ.

ಬಾಲ್ಟಿಕ್‌ ಸಮುದ್ರದ ಬಗ್ಗೆ ನಗುವ ಮುಂಚೆ ಸ್ವಲ್ಪ ತಡೆಯಬೇಕು. ಶೀತಲ ಸಮರದ ನಡುವೆ, 1974ರಲ್ಲಿ, ಎರಡೂ ಜರ್ಮನಿಗಳು ಮತ್ತು ಸೋವಿಯತ್ ಒಕ್ಕೂಟ ಸೇರಿ ಏಳು ದೇಶಗಳು ಹೆಲ್ಸಿಂಕಿಯಲ್ಲಿ ಒಂದೇ ಕಾಗದಕ್ಕೆ ಸಹಿ ಹಾಕಿದವು. ಬಾಟಲಿಯ ಕುತ್ತಿಗೆಯಂಥ ಜಲಸಂಧಿಗಳ ಸಮುದ್ರ ಅದು, ಒಳಗಿನ ನೀರು ಪೂರ್ತಿ ಬದಲಾಗಲು ದಶಕಗಳೇ ಬೇಕು. ಹೊಲದ ಗೊಬ್ಬರ ಹರಿದು ಬಂದು ಬೇಸಿಗೆಯಲ್ಲಿ ಪಾಚಿ ಕಟ್ಟುತ್ತದೆ, ತಳದಲ್ಲಿ ಆಮ್ಲಜನಕ ಇಲ್ಲ. 2021ಕ್ಕೆ ಸಮುದ್ರ ಸುಸ್ಥಿತಿಗೆ ಬರುತ್ತದೆ ಎಂದು 2007ರಲ್ಲಿ ಯೋಜನೆ ಮಾಡಿದರು. 2021ರಲ್ಲಿ ಮತ್ತೆ ಸೇರಿ ಯೋಜನೆಯನ್ನು ಪರಿಷ್ಕರಿಸಿದರು. ಈಗಿನ ಮುಹೂರ್ತ 2030. ಇಷ್ಟೇ ಆಗಿದ್ದರೆ ನಗಬಹುದಿತ್ತು. ಆದರೆ ಸೇಂಟ್ ಪೀಟರ್ಸ್‌ಬರ್ಗಿನ ಒಳಚರಂಡಿ ಶುದ್ಧೀಕರಿಸುವ ದೊಡ್ಡ ಸ್ಥಾವರವೊಂದು 2005ರಲ್ಲಿ ಶುರುವಾದಾಗ ಅದರಲ್ಲಿ ಸ್ವೀಡನ್, ಫಿನ್ಲೆಂಡ್‌ಗಳ ದುಡ್ಡೂ ಇತ್ತು. ಪಕ್ಕದ ದೇಶದ ಗಟಾರಕ್ಕೆ ತಮ್ಮ ಜೇಬಿನಿಂದ ಖರ್ಚು! ಈ ಮಾತು ಬಂದಾಗ ಹಾಲಿನಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಎರಡನೇ ಮಹಡಿಯ ಸೋರಿಕೆಗೆ ಮೂರನೇ ಮಹಡಿಯವರು ದುಡ್ಡು ಕೊಟ್ಟ ದಾಖಲೆಯೇ ಇಲ್ಲ.

ಅಷ್ಟರಲ್ಲಿ ಕಾರ್ಯದರ್ಶಿ ‘ಸಮಯ’ ಎಂದು ಚೀಟಿ ಕಳಿಸಿದರು, ಅಡುಗೆಯವರು ಎರಡು ಸಲ ಇಣುಕಿ ಹೋಗಿದ್ದರು. ಪ್ರಶ್ನೆ ಇದ್ದವರು ಕೇಳಬಹುದು ಎಂದದ್ದೇ ತಪ್ಪಾಯಿತು. ಮೂಲ್ಕಿ ಕಡೆಯ ಮಾಮ ಎದ್ದರು. ತೈಲದ ಹಡಗಿನ ಇಂಜಿನ್ ರೂಮಿನಲ್ಲಿ ಆಯುಷ್ಯ ಕಳೆದು ಬಂದವರು.

“ಅಲ್ಲ ಮಾರಾಯ್ರೆ, ಹಡಗಿನಿಂದ ಬಿಡುವ ನೀರಲ್ಲಿ ಹತ್ತು ಲಕ್ಷಕ್ಕೆ ಹದಿನೈದು ಪಾಲಿಗಿಂತ ಹೆಚ್ಚು ಎಣ್ಣೆ ಇರ್ಬಾರ್ದು ಅಂತ ನಮಗೂ ಕಾನೂನು ಉಂಟು. ಎಣ್ಣೆ ಬೇರೆ ಮಾಡ್ಲಿಕ್ಕೆ ಒಂದು ಸೆಪರೇಟರ್ ಉಂಟು, ಬರ್ದಿಡ್ಲಿಕ್ಕೆ ಆಯಿಲ್ ರೆಕಾರ್ಡ್ ಬುಕ್ ಉಂಟು. ಕಳ್ಳ ಹಡಗಿನವರು ಸೆಪರೇಟರ್ ತಪ್ಪಿಸಿ ಒಂದು ಪೈಪು ಕೊಡ್ತಾರೆ, ಮ್ಯಾಜಿಕ್ ಪೈಪ್ ಅಂತ. ನೀರೆಲ್ಲ ಕಪ್ಪು, ಪುಸ್ತಕ ಮಾತ್ರ ಬೆಳ್ಳಗೆ. ನೀವು ಇಷ್ಟೊತ್ತು ಹೇಳಿದ್ದು ಪುಸ್ತಕದ್ದು. ಪೈಪಿನದ್ದು ಯಾವಾಗ?”

ಭಾಷಣಕಾರರು ಉತ್ತರಿಸಲು ಮೈಕ್ ಎತ್ತಿಕೊಂಡರು, ಮಾಮ ಬಿಡಬೇಕಲ್ಲ. ಮುಂಬೈಯ ಕೊಳಚೆಯನ್ನು ವರ್ಲಿಯಿಂದಲೂ ಬಾಂದ್ರಾದಿಂದಲೂ ಮೂರು ಕಿಲೋಮೀಟರಿಗೂ ಮಿಕ್ಕಿ ಸಮುದ್ರದೊಳಕ್ಕೆ ಪೈಪಿನಲ್ಲಿ ಒಯ್ದು ಬಿಡುತ್ತಾರಲ್ಲ, ಅದು ಯಾವ ವರ್ಗ ಎಂದು ಕೇಳಿದರು. ಏಳು ಹೊಸ ಶುದ್ಧೀಕರಣ ಸ್ಥಾವರಗಳ ಕೆಲಸ ನಡೆಯುತ್ತಿದೆ ಎಂದು ಹಿಂದಿನಿಂದ ಯಾರೋ ಹೇಳಿದರು. “ಆಗ್ಲಿ, ಒಳ್ಳೆದೇ. ಅದರ ಮೊದ್ಲು ಇದು ಹೇಳಿ. ಈ ಹಾಲಿನ ಹಿಂದೆ ಪಾತ್ರೆ ತೊಳಿತಾ ಇದ್ದಾರೆ. ಆ ನೀರು, ನಿಮ್ಮ ಬಾಟ್ಲಿಗಳು, ಎಲ್ಲ ಹಿತ್ತಿಲ ಗಟಾರಕ್ಕೆ ಹೋಗ್ತಾ ಉಂಟು. ಗಟಾರ ಮೀಠಿ ನದಿಗೆ, ಮೀಠಿ ಮಾಹಿಮಿನ ಕಡಲಿಗೆ. ಒಂದು ಜಾಳಿಗೆ ಹಾಕಿಸ್ಲಿಕ್ಕೆ ಎಷ್ಟು ಖರ್ಚು?”

ಕಾರ್ಯದರ್ಶಿ ನಯವಾಗಿ ತಡೆದರು. “ಮಾಮ, ಅದು ವಾರ್ಡ್ ಆಫೀಸಿನ ವಿಷಯ. ಇಲ್ಲಿ ಅಂತರರಾಷ್ಟ್ರೀಯ ಮಟ್ಟದ ಚರ್ಚೆ ನಡೀತಾ ಇದೆ.”

ಊಟಕ್ಕೆ ಮುಂಚೆ ನಿರ್ಣಯ ಓದಿದರು. ಪ್ರಾದೇಶಿಕ ಸಮುದ್ರಗಳ ಸ್ಥಿತಿಯ ಬಗ್ಗೆ ಸಭೆಯು ತೀವ್ರ ಕಳವಳ ವ್ಯಕ್ತಪಡಿಸಿತು. ಸಂಬಂಧಪಟ್ಟ ರಾಷ್ಟ್ರಗಳು ಕೂಡಲೇ ಕ್ರಮ ಕೈಗೊಳ್ಳಬೇಕೆಂದು ಆಗ್ರಹಿಸಿತು. ಸಂವಾದ ಫಲಪ್ರದವಾಗಿತ್ತು ಎಂದೂ ದಾಖಲಿಸಿಕೊಂಡಿತು. ಪ್ರತಿಗಳನ್ನು ಯಾರು ಯಾರಿಗೆ ಕಳಿಸಬೇಕು ಎಂಬಲ್ಲಿ ಮಾತ್ರ ಸ್ವಲ್ಪ ಗೊಂದಲ. ದೆಹಲಿಗೆ ಸಾಕು ಎಂದರು ಖಜಾಂಚಿ, ಕೊಲಂಬೊಕ್ಕೂ ಹೋಗಲಿ ಎಂದರು ಅಧ್ಯಕ್ಷರು, ಕೊರಿಯರ್ ಖರ್ಚು ಯಾರ ತಲೆಗೆ ಎಂದು ಖಜಾಂಚಿ ಮತ್ತೆ.

ಎಲೆಯ ಮುಂದೆ ಕೂತಿದ್ದ ಮಾಮ ಅಲ್ಲಿಂದಲೇ ಕೂಗಿದರು: “ಕೊರಿಯರ್ ಎಂತಕ್ಕೆ ಮಾರಾಯ್ರೆ? ಹಿಂದಿನ ಗಟಾರಕ್ಕೆ ಬಿಡಿ. ಕೊಲಂಬೊಕ್ಕೂ ಮುಟ್ತದೆ, ಕುವೈತಿಗೂ ಮುಟ್ತದೆ.”